ನಿಸರ್ಗದ ವಿದ್ಯಾರ್ಥಿ ನಮ್ಮ ಕಾರಂತಜ್ಜ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳು ಬೆಂಗಳೂರಿನಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪ್ರಕೃತಿಯನ್ನು ಅಭ್ಯಸಿಸಿ, ಅದರ ರಕ್ಷಣೆಗೂ ನಿಂತ ಒಬ್ಬ ಮಹನೀಯರ ಬಗ್ಗೆ ಬರೆದು ತರಬೇಕೆಂದು ಶಾಲೆಯಲ್ಲಿ ಹೇಳಿದ್ದಾರಂತೆ. ಸಲೀಂ ಅಲಿ, ಜಿಮ್ ಕಾರ್ಬೆಟ್, ರೇಚಲ್ ಕಾರ್ಸನ್ ಇವರ ಹೆಸರುಗಳು ಮಗುವಿಗೆ ಸಿಕ್ಕಿವೆ. "ನಮ್ಮ ಊರ ಕಡೆಯವರು ಯಾರೂ ಇಲ್ಲವೇ ಸರ್?" ಎಂದು ತಾಯಿ ಫೋನಿನಲ್ಲಿ ಕೇಳಿದಳು. ಇಲ್ಲದೆ ಏನು? ಕೋಟ ಶಿವರಾಮ ಕಾರಂತರಿದ್ದಾರಲ್ಲ! ಕಾದಂಬರಿಕಾರ, ಯಕ್ಷಗಾನದ ಸಂಶೋಧಕ, ಜ್ಞಾನಪೀಠ ಪುರಸ್ಕೃತ ಎಂದು ಎಲ್ಲರೂ ಅವರನ್ನು ಬಲ್ಲರು. ಅವರ ಇನ್ನೊಂದು ಮುಖವನ್ನು ಮಕ್ಕಳಿಗೆ ಹೇಳುವವರು ಕಡಿಮೆ. ಆದ್ದರಿಂದ ಈ ಲೇಖನ.

ಕಾರಂತರು ಜನಿಸಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಅಂದು ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕೋಟ ಈಗ ಬ್ರಹ್ಮಾವರ ತಾಲೂಕಿನಲ್ಲಿದೆ. ಊರನ್ನು ಬಿಟ್ಟು ದೂರದಲ್ಲಿ ಬೆಳೆದ ಮಕ್ಕಳಿಗಾಗಿ ಸ್ಥಳದ ಪರಿಚಯ ಹೇಳಬೇಕು. ಪಶ್ಚಿಮಕ್ಕೆ ಹೋದರೆ ಮರಳದಿಣ್ಣೆ, ಅದರಾಚೆ ಕಡಲು. ಕಡಲಿಗೂ ಗದ್ದೆಗಳಿಗೂ ನಡುವೆ ಉಪ್ಪುನೀರಿನ ಹೊಳೆ, ಅದರ ಅಂಚಿನಲ್ಲಿ ಕಾಂಡ್ಲಾ ಗಿಡಗಳು. ಪೂರ್ವಕ್ಕೆ ತಿರುಗಿದರೆ ಬೈಲು, ಹಾಡಿ, ಕೊನೆಗೆ ನೀಲಿಗಟ್ಟಿ ನಿಂತ ಘಟ್ಟದ ಸಾಲು. ಆಷಾಢದ ಒಂದು ಮಳೆಗೆ ಹೊಳೆ, ಗದ್ದೆ ಎಂಬ ಭೇದವೇ ಅಳಿಸಿಹೋಗುತ್ತದೆ. 'ಮರಳಿ ಮಣ್ಣಿಗೆ' ಕಾದಂಬರಿಯ ಕೋಡಿ ಎಂಬ ಊರು ಇದೇ ನೆಲದ್ದು. ಅದನ್ನು ಓದುವಾಗ ಕಥೆಯ ಜನರಷ್ಟೇ ಮುಖ್ಯವಾಗಿ ಮಳೆ, ಮರಳು, ಉಪ್ಪುನೀರು ಕಣ್ಣಿಗೆ ಕಟ್ಟುತ್ತವೆ. ನೋಡಿ ನೋಡಿ ಪಳಗಿದ ಕಣ್ಣಿನ ಬರವಣಿಗೆ ಅದು.

ಕುಂದಾಪುರದಲ್ಲಿ ಪ್ರೌಢಶಾಲೆ ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜಿಗೆ ಸೇರಿದ್ದ ಕಾರಂತರು ಗಾಂಧೀಜಿಯವರ ಕರೆಗೆ ಓಗೊಟ್ಟು 1921ರಲ್ಲಿ ಓದು ನಿಲ್ಲಿಸಿದರು. ಖಾದಿ ಪ್ರಚಾರ, ಪತ್ರಿಕೆ, ನಾಟಕ, ಛಾಯಾಚಿತ್ರ, ನೃತ್ಯ ಹೀಗೆ ಅವರು ಕೈಹಾಕಿದ ಕೆಲಸಗಳ ಪಟ್ಟಿ ದೀರ್ಘವಾದುದು. ಅದನ್ನು 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂಬ ಅವರ ಆತ್ಮಕಥೆಯಲ್ಲಿಯೇ ಓದಿಕೊಳ್ಳಬೇಕು. ನಮ್ಮ ವಿಷಯಕ್ಕೆ ಮುಖ್ಯವಾದುದು, ವಿಜ್ಞಾನದ ಪದವಿಯಿರಲಿ, ಯಾವ ಪದವಿಯನ್ನೂ ಅವರು ಓದಿ ಗಳಿಸಿರಲಿಲ್ಲ ಎಂಬುದು. ಹೆಸರಿನ ಹಿಂದಿನ 'ಡಾಕ್ಟರ್' ಆಮೇಲೆ ವಿಶ್ವವಿದ್ಯಾನಿಲಯಗಳು ಗೌರವದಿಂದ ಕೊಟ್ಟದ್ದು.

ಅಂಥವರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. ಆಗ ಅವರಿಗೆ 34 ವರ್ಷ. ಭೂಮಿ, ಆಕಾಶ, ಗಿಡ, ಪ್ರಾಣಿ, ಯಂತ್ರ, ದೇಶ, ಜನ ಎಲ್ಲವನ್ನೂ ಕನ್ನಡದ ಮಕ್ಕಳಿಗೆ ಚಿತ್ರಸಹಿತ ತಿಳಿಸುವ ಗ್ರಂಥ ಅದು. ಇಂಗ್ಲಿಷಿನಲ್ಲಿ ಇಂಥ ಪುಸ್ತಕಗಳನ್ನು ಹಲವು ಜನ ಪಂಡಿತರು ಸೇರಿ, ದೊಡ್ಡ ಪ್ರಕಾಶಕರ ಹಣಬಲದಿಂದ ಮಾಡುತ್ತಾರೆ. ಇಲ್ಲಿ ಓದಿದವರೂ ಬರೆದವರೂ ಒಬ್ಬರೇ. ಮುಂದೆ 1959ರಿಂದ 1964ರ ನಡುವೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಬಂದವು. ನಾನು ಕೆಲಸ ಮಾಡಿದ ಶಾಲೆಯೊಂದರ ಕಪಾಟಿನಲ್ಲಿ ಆ ಸಂಪುಟಗಳಿದ್ದವು. ರಟ್ಟು ಬಿಚ್ಚಿಹೋಗಿದ್ದರೂ ತರಗತಿಗೆ ಹೋಗುವ ಮೊದಲು ಅವುಗಳ ಪುಟ ತಿರುವುವುದು ನನಗೆ ಅಭ್ಯಾಸವಾಗಿತ್ತು. ಬಿ.ಎಡ್. ತರಗತಿಯಲ್ಲಿ ನಮಗೆ 'ತಿಳಿದುದರಿಂದ ತಿಳಿಯದುದರೆಡೆಗೆ' ಎಂಬ ಬೋಧನಾಸೂತ್ರವನ್ನು ಬಾಯಿಪಾಠ ಮಾಡಿಸಿದ್ದರು. ಕಾರಂತರು ಆ ಸೂತ್ರದ ಹೆಸರು ಹೇಳದೆಯೇ ಅದನ್ನು ನಡೆಸಿ ತೋರಿಸಿದ್ದಾರೆ.

ಅನುವಾದದಲ್ಲಿಯೂ ಅವರ ಆಯ್ಕೆ ಗಮನಾರ್ಹ. ಅಮೆರಿಕದ ರೇಚಲ್ ಕಾರ್ಸನ್ 1951ರಲ್ಲಿ ಕಡಲಿನ ಕುರಿತು ಬರೆದ ಪ್ರಸಿದ್ಧ ಕೃತಿಯನ್ನು ಕಾರಂತರು 'ನಮ್ಮ ಸುತ್ತಲಿನ ಕಡಲು' ಎಂದು ಕನ್ನಡಕ್ಕೆ ತಂದರು. ಕೀಟನಾಶಕಗಳ ವಿಷದ ಬಗ್ಗೆ 1962ರಲ್ಲಿ ಲೋಕವನ್ನೇ ಎಚ್ಚರಿಸಿದ ಕಾರ್ಸನ್ ಇವರೇ. ಹೀಗೆ, ನಮ್ಮ ಮಗುವಿನ ಪಟ್ಟಿಯಲ್ಲಿದ್ದ ವಿದೇಶೀ ವಿದುಷಿಯನ್ನು ಕನ್ನಡಿಗರ ಮನೆಗೆ ಕರೆತಂದವರೂ ಕೋಟದವರೇ ಆದರು!

ಇಷ್ಟಾದರೂ ಕಾರಂತರು ಹುಟ್ಟಿನಿಂದಲೇ ಕಾಡಿನ ಪಕ್ಷಪಾತಿಯಾಗಿದ್ದರು ಎಂದು ಬರೆದರೆ ಅದು ಭಜನೆಯಾಗುತ್ತದೆ. 1943ರ 'ಬೆಟ್ಟದ ಜೀವ'ವನ್ನು ನೋಡಿ. ಕುಮಾರಪರ್ವತದ ತಪ್ಪಲಿನಲ್ಲಿ ಕಾಡು ಸವರಿ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯನವರ ಛಲವನ್ನು ಲೇಖಕರು ಮನಸಾರೆ ಮೆಚ್ಚುತ್ತಾರೆ. ದನಗಳಿಗೆ ಕಂಟಕವಾದ ಹುಲಿಯನ್ನು ಕೊಲ್ಲುವ ಪ್ರಸಂಗವೂ ಅಲ್ಲಿದೆ. ಅಂದು ಕಾಡು ಅಪಾರವಾಗಿತ್ತು, ಮನುಷ್ಯ ಒಂಟಿಯಾಗಿದ್ದ. ನಲವತ್ತು ವರ್ಷಗಳಲ್ಲಿ ಲೆಕ್ಕ ತಲೆಕೆಳಗಾಯಿತು. ಆ ಬದಲಾವಣೆಯನ್ನು ಕಂಡು, ಎಂಬತ್ತು ದಾಟಿದ ಮೇಲೂ ತನ್ನ ನಿಲುವನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಂಡರಲ್ಲ, ನನಗೆ ಅವರ ದೊಡ್ಡತನ ಕಾಣುವುದು ಅಲ್ಲಿ. ನಮ್ಮಲ್ಲಿ ಹಲವರು ಅರವತ್ತಕ್ಕೇ ಅಭಿಪ್ರಾಯಗಳಿಗೆ ಬೀಗ ಹಾಕಿ ಕೀಲಿಕೈಯನ್ನು ಹೊಳೆಗೆ ಎಸೆದುಬಿಡುತ್ತೇವೆ.

ಎಪ್ಪತ್ತರ ದಶಕದ ಕೊನೆಗೆ ಘಟ್ಟದ ಕಾಡಿನ ಪ್ರಶ್ನೆ ಬಿಸಿಯೇರಿತ್ತು. ಉತ್ತರ ಕನ್ನಡದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಗೆ ವಿರೋಧ ಎದ್ದು, 1981ರಲ್ಲಿ ಶಿರಸಿಯಲ್ಲಿ ರೈತರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಚರ್ಚಿಸಿದರು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಅದೇ ಕಾಲದಲ್ಲಿ ಕಾರಂತರು ದೆಹಲಿಯ ಅನಿಲ್ ಅಗರವಾಲ್ ಮತ್ತು ಸಂಗಡಿಗರ 1982ರ ವರದಿಯನ್ನು 'ಭಾರತದ ಪರಿಸರ ಪರಿಸ್ಥಿತಿ' ಎಂದು ಕನ್ನಡಿಸಿದರು. 'ಪರಿಸರ' ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಬೇರೂರುವ ಮೊದಲಿನ ಸಂಗತಿ ಇದು.

ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಹಾಡಿ, ಗೋಮಾಳಗಳ ಕಥೆಯೂ ಹೌದು. 1984ರಲ್ಲಿ ರಾಜ್ಯ ಸರಕಾರವೂ ಹರಿಹರದ ಒಂದು ಖಾಸಗಿ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಸುಮಾರು 30,000 ಹೆಕ್ಟೇರ್ ಸರಕಾರಿ ಭೂಮಿಯಲ್ಲಿ ನೀಲಗಿರಿ ಮುಂತಾದ ಮರಗಳನ್ನು ಬೆಳೆದು ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ. ಕಾಗದದ ಮೇಲೆ ಅದು ಪಾಳುಭೂಮಿ. ಆದರೆ ಹಳ್ಳಿಯವರ ದನ ಮೇಯುತ್ತಿದ್ದುದು, ಬಡವರಿಗೆ ಒಲೆಯ ಕಟ್ಟಿಗೆ, ಗೊಬ್ಬರಕ್ಕೆ ಸೊಪ್ಪು, ತರಗೆಲೆ ಸಿಗುತ್ತಿದ್ದುದು ಅಲ್ಲಿಯೇ. ನೀಲಗಿರಿಯ ಸೊಪ್ಪನ್ನು ದನ ಮುಟ್ಟುವುದಿಲ್ಲ. ಇದನ್ನು ಪ್ರಶ್ನಿಸಿ ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರೊಂದಿಗೆ ಕಾರಂತರೂ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. 1987ರ ಮಾರ್ಚಿಯಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂದು ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಅಕೇಶಿಯಾ ತುಂಬಿಕೊಂಡುದನ್ನು ಕಂಡಿರುವ ಬೈಂದೂರು, ಕುಂದಾಪುರದ ಹಿರಿಯರಿಗೆ ಈ ವಿವಾದದ ತಿರುಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೈಗಾ. ಕಾರವಾರ ತಾಲೂಕಿನಲ್ಲಿ, ಕಾಳಿ ನದಿಯ ದಡದ ದಟ್ಟ ಕಾಡಿನ ನಡುವೆ ಅಣುವಿದ್ಯುತ್ ಸ್ಥಾವರ ಬರುತ್ತದೆಂದಾಗ ಕಾರಂತರು ವಿರೋಧಿಗಳ ಮುಂಚೂಣಿಯಲ್ಲಿ ನಿಂತರು. 1986ರಲ್ಲಿ ಚೆರ್ನೋಬಿಲ್ ದುರಂತ ನಡೆದಿತ್ತು, ಜನರಲ್ಲಿ ಭಯವಿತ್ತು. 1989ರಲ್ಲಿ ಉತ್ತರ ಕನ್ನಡದ ಲೋಕಸಭಾ ಕ್ಷೇತ್ರದಿಂದ ಪಕ್ಷೇತರ ಅಭ್ಯರ್ಥಿಯಾಗಿ ಅವರು ಚುನಾವಣೆಗೇ ನಿಂತರು. ವಯಸ್ಸು 87! ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಷ್ಟ್ರು. ಅಧ್ಯಾಪಕರ ಕೊಠಡಿಯಲ್ಲಿ ಪ್ರತಿದಿನ ಅದೇ ಮಾತು. "ಅಜ್ಜನಿಗೆ ಈ ಪ್ರಾಯದಲ್ಲಿ ಇದೆಲ್ಲ ಎಂತಕೆ?" ಎಂದು ಒಬ್ಬರು, "ಪ್ರಾಯದವರು ಸುಮ್ಮನಿದ್ದುದಕ್ಕೇ ಅಜ್ಜ ಎದ್ದದ್ದು" ಎಂದು ಇನ್ನೊಬ್ಬರು. ಕಾರಂತರು ಸೋತರು. ಸೋಲುವುದು ಅವರಿಗೂ ಗೊತ್ತಿತ್ತೆಂದು ನನ್ನ ಭಾವನೆ. ಚುನಾವಣೆಯೆಂದರೆ ಊರೂರಿಗೆ ಹೋಗಿ ಪಾಠ ಹೇಳಲು ಸಿಕ್ಕ ಒಂದು ತರಗತಿಯೆಂದು ಅವರು ತಿಳಿದಿರಬೇಕು.

1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಕಾಂಕ್ರೀಟು ಒಳಭಾಗದಲ್ಲಿ ಕಳಚಿಬಿತ್ತು. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ. ಗುಮ್ಮಟವನ್ನು ಹೊಸದಾಗಿ ಕಟ್ಟಿ, 2000ದಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನ್ಯಾಯವಾಗಿ ಇನ್ನೊಂದು ಮಾತನ್ನೂ ಬರೆಯಬೇಕು. ಅದೇ ಕೈಗಾದ ಒಂದನೆಯ ಘಟಕ 2018ರಲ್ಲಿ 962 ದಿನಗಳ ನಿರಂತರ ಉತ್ಪಾದನೆ ಮುಗಿಸಿ ವಿಶ್ವದಾಖಲೆ ಬರೆಯಿತು. ಕಾರಂತರು ಹೆದರಿದಂಥ ದೊಡ್ಡ ಅನಾಹುತ ಅಲ್ಲಿ ನಡೆದಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಗಳಲ್ಲಿ ಅನಾಹುತದ್ದು ಒಂದು ಮಾತ್ರ. ಘಟ್ಟದ ಕಾಡನ್ನೇ ಏಕೆ ಆರಿಸಿದಿರಿ, ಅಲ್ಲಿಯ ಜನರನ್ನು ಕೇಳಿದಿರಾ ಎಂಬುದಕ್ಕೆ ಯಾವ ದಾಖಲೆಯೂ ಉತ್ತರವಾಗದು.

ಕಾರಂತರು ಬಹುಕಾಲ ಪುತ್ತೂರಿನ ಬಾಲವನದಲ್ಲಿದ್ದು, ಎಪ್ಪತ್ತರ ದಶಕದಲ್ಲಿ ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಮರಳಿದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ಉಡುಪಿ ಪ್ರತ್ಯೇಕ ಜಿಲ್ಲೆಯಾಗಿ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಮಕ್ಕಳು ಕೊನೆಯಲ್ಲಿ ತಿಳಿಯಬೇಕಾದುದು ಅವರ ಮಗ ಉಲ್ಲಾಸ ಕಾರಂತರ ವಿಷಯ. 1948ರಲ್ಲಿ ಹುಟ್ಟಿದ ಇವರು ಓದಿದ್ದು ಇಂಜಿನಿಯರಿಂಗ್. ಅದನ್ನು ಬಿಟ್ಟು ವನ್ಯಜೀವಿ ವಿಜ್ಞಾನ ಕಲಿತು, ನಾಗರಹೊಳೆಯ ಹುಲಿಗಳ ಬೆನ್ನುಹತ್ತಿದರು. ಹಿಂದೆ ಅರಣ್ಯ ಇಲಾಖೆ ಹೆಜ್ಜೆಗುರುತು ನೋಡಿ ಹುಲಿಗಳನ್ನು ಎಣಿಸುತ್ತಿತ್ತು. ಒಂದೇ ಹುಲಿ ಎರಡು ಬಾರಿ ಲೆಕ್ಕಕ್ಕೆ ಬಂದರೆ ತಿಳಿಯುವ ಉಪಾಯವೇ ಇರಲಿಲ್ಲ. ಉಲ್ಲಾಸರು ಕಾಡಿನ ದಾರಿಗಳಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿದರು. ನಮ್ಮ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಮೊದಲ ಸರದಿಯಲ್ಲಿ ಕಂಡ ಹುಲಿಗಳಲ್ಲಿ ಎಷ್ಟು ಮತ್ತೆ ಕಂಡವು, ಹೊಸಬು ಎಷ್ಟು ಎಂಬುದನ್ನು ಹಿಡಿದು ಒಟ್ಟು ಸಂಖ್ಯೆಯನ್ನು ಗಣಿತದಿಂದ ಅಂದಾಜು ಮಾಡಿದರು. ಈ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಮುಂದೆ ದೇಶದ ಹುಲಿಗಣತಿಯಲ್ಲಿಯೂ ಕ್ಯಾಮೆರಾಗಳು ಬಂದವು. 'ಬೆಟ್ಟದ ಜೀವ' ಬರೆದವರ ಮನೆಯಲ್ಲಿ ಬೆಳೆದ ಹುಡುಗ ಈ ಕೆಲಸ ಮಾಡಿದ್ದು. ಪುಟ್ಟಿ, ನಿನ್ನ ಬರಹದಲ್ಲಿ ಜಾಗ ಉಳಿದರೆ ಪಟ್ಟೆಗಳ ಈ ಲೆಕ್ಕವನ್ನೂ ಒಂದು ಚಿತ್ರದೊಂದಿಗೆ ಸೇರಿಸಿಕೋ.