ಚೋಮನ ಎದುರು ನಿಂತವರು ಯಾರು?

ಶಿವರಾಮ ಕಾರಂತರ ‘ಚೋಮನ ದುಡಿ’ ಓದಿದವರನ್ನು ‘ಇದರಲ್ಲಿ ಖಳನಾಯಕ ಯಾರು?’ ಎಂದು ಕೇಳಿ ನೋಡಿ. ಒಬ್ಬರು ಧಣಿ ಎನ್ನುತ್ತಾರೆ, ಇನ್ನೊಬ್ಬರು ತೋಟದ ಮನ್ವೇಲ ಎನ್ನುತ್ತಾರೆ, ಮತ್ತೊಬ್ಬರು ಸುಮ್ಮನಾಗುತ್ತಾರೆ. ಸುಮ್ಮನಾದವರ ಕಡೆಗೇ ನಮ್ಮ ಒಲವು. ಗೈಡ್ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಈ ಪದಗಳಿಗೆ ಸಾವಿರ ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ.

‘ಪಾತ್ರ’ ಎಂದರೆ ಮೊದಲು ಪಾತ್ರೆ, ಏನನ್ನಾದರೂ ತುಂಬಿಕೊಳ್ಳುವ ವಸ್ತು. ‘ನದಿ ಪಾತ್ರದ ಜನ ಎಚ್ಚರದಿಂದಿರಬೇಕು’ ಎಂದು ಪ್ರತಿ ಮಳೆಗಾಲದಲ್ಲೂ ವರದಿ ಕಳಿಸುವ ನಮಗೆ ಈ ಪದ ಹೊಸದಲ್ಲ. ‘ಕಾದಂಬರಿ’ಯಂತೂ ಒಂದು ಪಾತ್ರದ ಹೆಸರೇ. 7ನೇ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ನಾಯಕಿ ಆಕೆ. ನಾಗವರ್ಮ ಆ ಕಥೆಯನ್ನು ಕನ್ನಡಕ್ಕೆ ತಂದ. ಮುಂದೆ ನಾವೆಲ್ ಎಂಬ ಹೊಸ ಬರವಣಿಗೆ ಬಂದಾಗ ಮರಾಠಿಯವರೂ ನಾವೂ ಆಕೆಯ ಹೆಸರನ್ನೇ ಅದಕ್ಕೆ ಇಟ್ಟೆವು.

ನಾಯಕನ ವಿಷಯ ಅಷ್ಟು ಸರಳವಲ್ಲ. 10ನೇ ಶತಮಾನದ ಕೊನೆಗೆ ಧನಂಜಯ ಬರೆದ ‘ದಶರೂಪಕ’ದಲ್ಲಿ ನಾಯಕರು ನಾಲ್ಕು ಬಗೆ: ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ. ನಾಯಕನಿಗೆ ಒಳ್ಳೆಯ ಕುಲ ಬೇಕು, ವಿನಯ ಬೇಕು, ತೇಜಸ್ಸು ಬೇಕು. ಪ್ರತಿನಾಯಕನಾದರೋ ಲೋಭಿ, ಹಟಮಾರಿ, ಪಾಪಿ, ವ್ಯಸನಿ. ಹೊಲ ಉಳುವವನಿಗೆ ಈ ಪಟ್ಟಿಯಲ್ಲಿ ನಾಯಕನ ಜಾಗವಿರಲಿಲ್ಲ.

ಸುಮಾರು ಅದೇ ಕಾಲದಲ್ಲಿ ಕನ್ನಡದ ರನ್ನ ‘ಗದಾಯುದ್ಧ’ ಬರೆದ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಅದು. ‘ಸಾಹಸಭೀಮವಿಜಯ’ ಎಂಬ ಇನ್ನೊಂದು ಹೆಸರೇ ನಾಯಕ ಯಾರೆಂದು ಹೇಳುತ್ತದೆ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು, ರಣರಂಗದ ಹೆಣಗಳ ನಡುವೆ ತನ್ನವರನ್ನು ಕಂಡು ಗೋಳಾಡುವ ದುರ್ಯೋಧನ. ಗ್ರೀಕ್ ದುರಂತ ನಾಟಕಗಳನ್ನು ಓದಿಕೊಂಡಿದ್ದ ಬಿ.ಎಂ.ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನೇ ‘ಗದಾಯುದ್ಧ ನಾಟಕಂ’ ಮಾಡಿದರು. ದುರ್ಯೋಧನನನ್ನು ದುರಂತ ನಾಯಕನೆಂದು ನೋಡುವ ಓದು ಆಮೇಲೆ ಕನ್ನಡದಲ್ಲಿ ಗಟ್ಟಿಯಾಯಿತು. ದೊಡ್ಡತನವೂ ಇದೆ, ಮುಳುಗಿಸುವ ದೋಷವೂ ಅವನಲ್ಲೇ ಇದೆ. ಇಂಥವನನ್ನು ಬರೀ ಖಳ ಎನ್ನಲು ಬಾಯಿ ಬರುವುದಿಲ್ಲ.

ಇದನ್ನು ಮೇಳದವರು ಚೆನ್ನಾಗಿ ಬಲ್ಲರು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ‘ಇದಿರು ವೇಷ’ ಎಂಬ ಮಾತಿದೆ. ಅದು ನಿಲ್ಲುವ ಜಾಗವನ್ನು ಹೇಳುತ್ತದೆ, ಗುಣವನ್ನಲ್ಲ. ವಜ್ರಮುನಿಯವರ ಕಣ್ಣು ನೋಡಿ ಬೆಳೆದ ನಮ್ಮ ತಲೆಮಾರಿಗೆ ಮಾತ್ರ ಎದುರಾಳಿ ಎಂದರೆ ಕೆಟ್ಟವನೇ ಆಗಿರಬೇಕು. ಸುದ್ದಿಯಲ್ಲೂ ಅದೇ ಚಾಳಿ. ಹಳ್ಳಿಯ ಜಮೀನು ಜಗಳದ ವರದಿ ಕಳಿಸಿದರೆ ‘ವಿಲನ್ ಯಾರು ಅಂತ ಸ್ಪಷ್ಟ ಇಲ್ಲವಲ್ರೀ’ ಎಂದು ಫೋನ್ ಬರುತ್ತದೆ.

1933ರಲ್ಲಿ ಬಂದ ಚೋಮನಿಗೆ ಕುಲದ ಬಲವಿಲ್ಲ. ಅವನು ಅಸ್ಪೃಶ್ಯ, ಜೀತದಾಳು. ಮನೆಯಲ್ಲಿ ಎತ್ತುಗಳಿವೆ, ಉಳಲು ತನ್ನದೆನ್ನುವ ತುಂಡು ಭೂಮಿಯಿಲ್ಲ. ಅವನ ಆಸೆಯೇ ಕಥೆಯನ್ನು ಎಳೆದುಕೊಂಡು ಹೋಗುತ್ತದೆ, ಹಾಗಾಗಿ ನಾಯಕ ಅವನೇ. ಕುಡಿಯುತ್ತಾನೆ, ಸಿಟ್ಟಾಗುತ್ತಾನೆ, ದುಡಿ ಬಾರಿಸುತ್ತಾನೆ. ಇನ್ನು ಎದುರು ನಿಂತವರು? ಧಣಿ ಸಂಕಪ್ಪಯ್ಯ ಕ್ರೂರಿಯಲ್ಲ. ಭೂಮಿ ಕೊಡಲು ಸ್ವಲ್ಪ ಮನಸ್ಸು ಮಾಡಿದರೂ ತಾಯಿಯ ಮಾತು ಮೀರಲಾರ. ಆ ತಾಯಿಯೂ ಊರಿನ ಕಟ್ಟಳೆಯನ್ನೇ ಹೇಳುವವಳು. ಮನ್ವೇಲ ಕೆಟ್ಟವನೇ ಸರಿ. ಆದರೆ ಅವನನ್ನು ಕಥೆಯಿಂದ ತೆಗೆದುಹಾಕಿದರೂ ಚೋಮನಿಗೆ ಹೊಲ ಸಿಗುವುದಿಲ್ಲ. ಎದುರಿಗಿರುವುದು ಒಂದು ಕಟ್ಟುಪಾಡು, ಅದಕ್ಕೆ ಮುಖವಿಲ್ಲ.

ಕುವೆಂಪು ಇನ್ನೂ ಮುಂದೆ ಹೋದರು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮದುಮಗಳು ಒಬ್ಬಳಲ್ಲ, ನಾಯಕ ಇವನೇ ಎಂದು ಬೆರಳು ಮಾಡುವಂತೆಯೂ ಇಲ್ಲ. ಕಾಡುದಾರಿಯಲ್ಲಿ ನಾಯಿಗುತ್ತಿ ನಡೆಯುತ್ತಾನೆ, ಜೊತೆಗೆ ಅವನ ನಾಯಿ ಹುಲಿಯ. ನಮ್ಮಲ್ಲಿ ಕೆಲವರಿಗೆ ಆ ಪುಸ್ತಕದಲ್ಲಿ ಹೆಚ್ಚು ನೆನಪಿರುವ ಪಾತ್ರ ಹುಲಿಯನೇ.