ಎಐ ವಿಡಿಯೋ ಪುನರುಜ್ಜೀವನ

ಹಳೆಯ ಚಲನಚಿತ್ರ ಹಾಗೂ ವಿಡಿಯೋ ತುಣುಕುಗಳ ರೆಸಲ್ಯೂಷನ್ ಹೆಚ್ಚಿಸಲು, ಗೀರು ಕಲೆಗಳನ್ನು ಅಳಿಸಲು, ಚಲನೆಯನ್ನು ನಯಗೊಳಿಸಲು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬಳಸುವ ವಿಧಾನ. ಒಂದೇ ಚಿತ್ರದ ಮಸುಕು ಮತ್ತು ಸ್ಪಷ್ಟ ರೂಪಗಳನ್ನು ಹೋಲಿಸಿ ತರಬೇತಿ ಪಡೆದ ನರಜಾಲ, ಮೂಲದಲ್ಲಿಲ್ಲದ ಪಿಕ್ಸೆಲ್‌ಗಳನ್ನು ಊಹಿಸಿ ತುಂಬುತ್ತದೆ.

ಲೂಮಿಯೇರ್ ಸಹೋದರರು ಫ್ರಾನ್ಸಿನ ಲಾ ಸಿಯೋಟಾ ನಿಲ್ದಾಣದಲ್ಲಿ ಚಿತ್ರಿಸಿ 1896ರಲ್ಲಿ ಪ್ರದರ್ಶಿಸಿದ, ಸುಮಾರು 50 ಸೆಕೆಂಡುಗಳ ರೈಲಿನ ಚಿತ್ರವನ್ನು ಡೆನಿಸ್ ಶಿರ್ಯಾಯೆವ್ ಎಂಬ ಯೂಟ್ಯೂಬರ್ 2020ರಲ್ಲಿ 4ಕೆ ಗುಣಮಟ್ಟಕ್ಕೆ, ಸೆಕೆಂಡಿಗೆ 60 ಫ್ರೇಮ್‌ಗಳ ವೇಗಕ್ಕೆ ಏರಿಸಿದಾಗ ಈ ವಿಧಾನ ಜನಪ್ರಿಯವಾಯಿತು. ಅವರು ಚಿತ್ರವನ್ನು ಹಿಗ್ಗಿಸಲು ಗಿಗಾಪಿಕ್ಸೆಲ್ ಎಐ, ನಡುವಿನ ಫ್ರೇಮ್‌ಗಳನ್ನು ಸೃಷ್ಟಿಸಲು ಡೇನ್ ಎಂಬ ತಂತ್ರಾಂಶಗಳನ್ನು ಬಳಸಿದರು. ಮೂಲ ಚಿತ್ರೀಕರಣದ ವೇಗ ಸೆಕೆಂಡಿಗೆ ಸುಮಾರು 16 ಫ್ರೇಮ್. ಅಂದರೆ ನಾವು ನೋಡುವ ನಾಲ್ಕು ಫ್ರೇಮ್‌ಗಳಲ್ಲಿ ಹೆಚ್ಚುಕಡಿಮೆ ಮೂರನ್ನು ಯಾವ ಕ್ಯಾಮೆರಾವೂ ಕಂಡಿಲ್ಲ. 35 ಎಂಎಂ ಫಿಲ್ಮಿನಲ್ಲಿ ಸಹಜವಾಗಿಯೇ ಸಾಕಷ್ಟು ವಿವರ ಇರುತ್ತದೆಂಬುದನ್ನೂ ಮರೆಯಬಾರದು. ಒಳ್ಳೆಯ ಸ್ಕ್ಯಾನ್ ಸಿಕ್ಕರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ವಿಎಚ್‌ಎಸ್ ಟೇಪುಗಳ ಸ್ಥಿತಿ ಬೇರೆ. ಅವುಗಳ ಚಿತ್ರದಲ್ಲಿ ಹೆಣೆದುಕೊಂಡ ಅಡ್ಡಗೆರೆಗಳನ್ನು (ಇಂಟರ್‌ಲೇಸಿಂಗ್) ಮೊದಲು ಬಿಡಿಸದಿದ್ದರೆ ತಂತ್ರಾಂಶ ಆ ದೋಷವನ್ನೇ ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ದೂರದ ಸಣ್ಣ ಮುಖಗಳು ಮೇಣದ ಬೊಂಬೆಗಳಂತಾಗಿ, ಕೆಲವೊಮ್ಮೆ ಬೇರೆಯವರ ಮುಖಗಳೇ ಆಗಿಬಿಡುತ್ತವೆ. ಹೀಗಾಗಿ ಇಂಥ ಪ್ರತಿಯನ್ನು ಚಾರಿತ್ರಿಕ ಸಾಕ್ಷ್ಯವೆಂದು ಬಳಸುವುದು ತಪ್ಪು. ಮೂಲ ಫಿಲ್ಮನ್ನೂ ತಿದ್ದದ ಸ್ಕ್ಯಾನನ್ನೂ ಕಡ್ಡಾಯವಾಗಿ ಉಳಿಸಿಕೊಳ್ಳಬೇಕು.