ಸಿಹಿನೀರಿನ ಪ್ಲವಕಗಳು: ಒಂದೇ ಹೆಸರು, ಹಲವು ವಂಶ

ಚಾರ್ಲ್ಸ್ ಡಾರ್ವಿನ್ 1859ರ ತಮ್ಮ ಗ್ರಂಥದಲ್ಲಿ ಸಿಹಿನೀರಿನ ಜೀವಿಗಳ ಕುರಿತ ಒಂದು ಕಗ್ಗಂಟನ್ನು ಬಿಡಿಸಲು ಹೊರಡುತ್ತಾರೆ. ಕೆರೆ, ಕೊಳ, ಸರೋವರಗಳು ನೆಲದ ನಡುವೆ ಒಂದಕ್ಕೊಂದು ಸಂಪರ್ಕವಿಲ್ಲದೆ ಇರುತ್ತವೆ. ಹಾಗಿದ್ದ ಮೇಲೆ ಅಲ್ಲಿನ ಜೀವಿಗಳು ಊರಿಂದೂರಿಗೆ ಬೇರೆಯಾಗಿರಬೇಕಿತ್ತು. ಕಂಡದ್ದು ಅದಕ್ಕೆ ವಿರುದ್ಧ: ದೂರದೂರದ ದೇಶಗಳಲ್ಲೂ ಒಂದೇ ಬಗೆಯ ಜೀವಿಗಳು. ಡಾರ್ವಿನ್ ಉತ್ತರ ಹುಡುಕಿದ್ದು ಹಕ್ಕಿಗಳ ಕಾಲಿನಲ್ಲಿ. ಬಾತಿನ ಪಾದಗಳನ್ನು ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಮೊಟ್ಟೆಯೊಡೆದ ಬಸವನಹುಳುವಿನ ಮರಿಗಳು ಅವಕ್ಕೆ ಅಂಟಿಕೊಳ್ಳುವುದನ್ನು ನೋಡಿದರು. ಕೊಳದ ಅಂಚಿನ ಒಂದು ಬಟ್ಟಲು ಕೆಸರನ್ನು ಆರು ತಿಂಗಳು ಮುಚ್ಚಿಟ್ಟು, ಅದರಿಂದ ಮೊಳೆತ 537 ಸಸಿಗಳನ್ನು ಎಣಿಸಿದರು. ಮುಂದೆ 1934ರಲ್ಲಿ ಡಚ್ ವಿಜ್ಞಾನಿ ಬಾಸ್ ಬೆಕಿಂಗ್, ಸೂಕ್ಷ್ಮಜೀವಿಗಳು ಎಲ್ಲೆಡೆಗೂ ತಲುಪುತ್ತವೆ, ಯಾವುದು ಉಳಿಯಬೇಕೆಂದು ಪರಿಸರ ಆರಿಸುತ್ತದೆ ಎಂದರು. ಈ ಎರಡು ಮಾತುಗಳ ನೆರಳಿನಲ್ಲಿ ಪ್ರಾಣಿಪ್ಲವಕಗಳ, ಅಂದರೆ ನೀರಿನಲ್ಲಿ ತೇಲುತ್ತ ಬದುಕುವ ಸಣ್ಣ ಪ್ರಾಣಿಗಳ, ಅಧ್ಯಯನ ಬಹುಕಾಲ ನಡೆಯಿತು. ಯುರೋಪಿನಲ್ಲಿ ಹೆಸರಿಟ್ಟ ಜಾತಿಯನ್ನೇ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾದ ನೀರಿನಲ್ಲೂ ಗುರುತಿಸಿ ಪಟ್ಟಿ ಮಾಡಲಾಯಿತು. ಕಳೆದ ಅರ್ಧ ಶತಮಾನದ ಕೆಲಸ ಈ ನಂಬಿಕೆಯನ್ನು ಬುಡಮೇಲು ಮಾಡಿದೆ. ಮೇಲ್ನೋಟಕ್ಕೆ ಒಂದೇ ಎನಿಸುವ ಈ ಜೀವಿಗಳಲ್ಲಿ ಪ್ರತಿಯೊಂದು ನೀರಿಗೂ ತನ್ನದೇ ವಂಶಚರಿತ್ರೆ ಇದೆ. ಅದನ್ನು ಕಡೆಗಣಿಸಿ ಜಲಮೂಲಗಳನ್ನು ಉಳಿಸುತ್ತೇವೆ ಎನ್ನುವುದು ಅರೆಬರೆ ಕೆಲಸವಾಗುತ್ತದೆ ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಮುಖ್ಯ ಸಾಕ್ಷಿ ಡಾಫ್ನಿಯಾ ಎಂಬ ಚಿಕ್ಕ ಕಠಿಣಚರ್ಮಿ, ರೂಢಿಯಲ್ಲಿ ನೀರುಚಿಗಟ. ಒಂದರಿಂದ ಐದು ಮಿಲಿಮೀಟರ್ ಉದ್ದದ ಇದರ ಮೈ ಎಷ್ಟು ಪಾರದರ್ಶಕವೆಂದರೆ, ಸೂಕ್ಷ್ಮದರ್ಶಕದಡಿ ಬಡಿಯುವ ಹೃದಯವೂ ಕರುಳಿನಲ್ಲಿರುವ ಹಸಿರು ಪಾಚಿಯೂ ಕಾಣುತ್ತವೆ. ಅನುಕೂಲದ ದಿನಗಳಲ್ಲಿ ಹೆಣ್ಣು ಗಂಡಿನ ನೆರವಿಲ್ಲದೆ ತನ್ನಂಥದೇ ಹೆಣ್ಣುಮರಿಗಳನ್ನು ಹಡೆಯುತ್ತದೆ. ಆಹಾರ ಕಡಿಮೆಯಾದಾಗ, ದಟ್ಟಣೆ ಹೆಚ್ಚಿದಾಗ, ಹಗಲು ಕಿರಿದಾದಾಗ ಗಂಡುಗಳು ಹುಟ್ಟುತ್ತವೆ. ಆಗ ಕೂಡಿದ ಹೆಣ್ಣಿನ ಬೆನ್ನ ಮೇಲಿನ ಚಿಪ್ಪು ದಪ್ಪಗಟ್ಟಿ ಕಪ್ಪಾಗಿ, ಅವರೆಕಾಯಿಯೊಳಗಿನ ಕಾಳುಗಳಂತೆ ಎರಡು ಮೊಟ್ಟೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೊರೆ ಕಳಚುವಾಗ ಆ ಸಂಪುಟ ಬೇರ್ಪಟ್ಟು ತಳಕ್ಕಿಳಿಯುತ್ತದೆ ಅಥವಾ ತೇಲಿ ದಡ ಸೇರುತ್ತದೆ. ಒಣಗಿದರೂ, ಹೆಪ್ಪುಗಟ್ಟಿದರೂ ಅದರೊಳಗಿನ ಜೀವ ಕಾಯಬಲ್ಲದು. ಒಂದೇ ತಾಯಿಯ ತದ್ರೂಪಿ ಸಂತತಿಯನ್ನು ಬೇಕಾದಷ್ಟು ಬೆಳೆಸಬಹುದಾದ್ದರಿಂದ, ಹುಟ್ಟುಗುಣ ಎಷ್ಟು, ಪರಿಸರದ ಪ್ರಭಾವ ಎಷ್ಟು ಎಂದು ಬೇರ್ಪಡಿಸಿ ನೋಡಲು ಇದಕ್ಕಿಂತ ತಕ್ಕ ಪ್ರಾಣಿ ಅಪರೂಪ. ಜರ್ಮನಿಯ ರಿಚರ್ಡ್ ವೋಲ್ಟೆರೆಕ್ 1909ರಲ್ಲಿ ಇದನ್ನೇ ಮಾಡಿದರು: ಬೇರೆಬೇರೆ ಸರೋವರಗಳ ಡಾಫ್ನಿಯಾಗಳಿಗೆ ಬೇರೆಬೇರೆ ಪ್ರಮಾಣದ ಆಹಾರ ಕೊಟ್ಟು, ತಲೆಯ ಶಿಖೆಯ ಎತ್ತರ ಅಳೆದರು. ಆಹಾರಕ್ಕೆ ತಕ್ಕಂತೆ ಎತ್ತರ ಬದಲಾಯಿತು, ಆದರೆ ಬದಲಾದ ರೀತಿ ಒಂದೊಂದು ವಂಶಕ್ಕೆ ಒಂದೊಂದಾಗಿತ್ತು. ಪರಿಸರಕ್ಕೆ ಸ್ಪಂದಿಸುವ ಬಗೆಯೇ ಆನುವಂಶಿಕ ಗುಣ ಎಂಬ ಇಂದಿನ ತಿಳಿವಳಿಕೆಯ ಬೇರು ಇಲ್ಲಿದೆ.

ಮುಂದಿನ ದೊಡ್ಡ ಹೆಜ್ಜೆ 1970ರ ದಶಕದ್ದು. ಪಾಲ್ ಹೆಬರ್ಟ್ ಇಂಗ್ಲೆಂಡಿನ ಕೊಳಗಳ ಡಾಫ್ನಿಯಾ ಮ್ಯಾಗ್ನಾದ ಕಿಣ್ವಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿ ಅವುಗಳ ರೂಪಭೇದಗಳನ್ನು ಗುರುತಿಸಿದರು. ಆಗಾಗ ಬತ್ತಿ, ಪ್ರತಿಬಾರಿಯೂ ಲೈಂಗಿಕ ಮೊಟ್ಟೆಗಳಿಂದ ಹೊಸದಾಗಿ ತುಂಬುವ ಕೊಳಗಳಲ್ಲಿ ಗುಣಗಳು ಕಲೆತುಹೋಗಿದ್ದವು. ಬತ್ತದ ಕೊಳಗಳಲ್ಲಿ ಕೆಲವೇ ತದ್ರೂಪಿ ವಂಶಗಳು ಪ್ರಬಲವಾಗಿದ್ದವು. ಹೆಸರು ಒಂದೇ, ನೀರು ಬತ್ತುವ ಪರಿಯಿಂದಲೇ ವಂಶದ ಸ್ವರೂಪ ಬೇರೆ. ಡಿಎನ್‌ಎ ತುಣುಕಿನಿಂದ ಜಾತಿ ಗುರುತಿಸುವ ಬಾರ್‌ಕೋಡ್ ವಿಧಾನವನ್ನು 2003ರಲ್ಲಿ ಮುಂದಿಟ್ಟವರೂ ಇದೇ ಹೆಬರ್ಟ್. ಇನ್ನೊಂದೆಡೆ ಅಮೆರಿಕದ ಡೇವಿಡ್ ಫ್ರೇ 1980ರ ದಶಕದಲ್ಲಿ, ಯಾವ ಜೀನಿನ ನೆರವೂ ಇಲ್ಲದೆ, ಕೇವಲ ಅಂಗರಚನೆಯ ಸೂಕ್ಷ್ಮ ನೋಟದಿಂದಲೇ ಖಂಡಾಂತರ ಜಾತಿಗಳೆಂಬ ಕಲ್ಪನೆಯನ್ನು ಪ್ರಶ್ನಿಸಿದ್ದರು. ಡಿಎನ್‌ಎ ಬಂದ ಮೇಲೆ ಫ್ರೇ ಅವರ ಮಾತೇ ನಿಂತಿತು. ಈ ಭೇದಗಳು ಹೊಸವೂ ಅಲ್ಲ, 14.5 ಕೋಟಿ ವರ್ಷಗಳಿಗೂ ಹಳೆಯ ಪಳೆಯುಳಿಕೆಗಳಲ್ಲಿ ಡಾಫ್ನಿಯಾದ ಉಪಕುಲಗಳು ಆಗಲೇ ಬೇರ್ಪಟ್ಟಿರುವುದು ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜ. ಮೊಟ್ಟೆಗಳು ಹಕ್ಕಿಯ ಕಾಲಿಗೆ ಅಂಟಿ, ಹೊಟ್ಟೆಯೊಳಗೆ ಸೇರಿ, ಗಾಳಿಗೆ ಹಾರಿ ದೂರ ಹೋಗುವುದು ನಿಜವೇ ತಾನೆ? ನಿಜ. ಹೊಸದಾಗಿ ತೋಡಿದ ಕೊಳ ಬಹುಬೇಗ ಪ್ಲವಕಗಳಿಂದ ತುಂಬುತ್ತದೆ. ಹಾಗಿದ್ದರೂ ಪಕ್ಕಪಕ್ಕದ ಕೊಳಗಳ ನಡುವೆ ಆನುವಂಶಿಕ ಅಂತರ ಉಳಿಯುವುದು ಹೇಗೆ? ಬೆಲ್ಜಿಯಂನ ಲೂಕ್ ಡಿ ಮೀಸ್ಟರ್ ಮತ್ತು ಸಂಗಡಿಗರು 2002ರಲ್ಲಿ ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ಮೊದಲು ಬಂದ ಕೆಲವೇ ಜೀವಿಗಳು ತದ್ರೂಪಿ ಹೆರಿಗೆಯಿಂದ ವಾರಗಳಲ್ಲೇ ನೀರನ್ನು ತುಂಬಿಬಿಡುತ್ತವೆ, ಸ್ಥಳೀಯ ಪರಿಸ್ಥಿತಿಗೆ ಬೇಗ ಹೊಂದಿಕೊಳ್ಳುತ್ತವೆ, ತಳದಲ್ಲಿ ಮೊಟ್ಟೆಗಳ ದಾಸ್ತಾನು ಕೂಡಿಡುತ್ತವೆ. ತಡವಾಗಿ ಬಂದವಕ್ಕೆ ನೆಲೆಯೂರಲು ಜಾಗವೇ ಸಿಗುವುದಿಲ್ಲ. ಡಾರ್ವಿನ್ ತೋರಿಸಿದ್ದು ಜೀವಿಗಳ ಪ್ರಯಾಣವನ್ನು. ಪ್ರಯಾಣ ಮಾಡಿದವೆಲ್ಲ ನೆಲೆ ನಿಂತು ವಂಶ ಬೆಳೆಸುತ್ತವೆ ಎಂದೇನಿಲ್ಲ.

ಎರಡನೆಯ ಆಕ್ಷೇಪ ವರ್ಗೀಕರಣಕಾರರದು: ಡಿಎನ್‌ಎಯಲ್ಲಿ ಒಂದಿಷ್ಟು ಅಂತರ ಕಂಡ ಮಾತ್ರಕ್ಕೆ ಜಾತಿಗಳನ್ನು ಒಡೆಯುತ್ತಾ ಹೋಗಬೇಕೆ? ಒಂದೇ ಜೀನನ್ನು ನೆಚ್ಚಿದರೆ ಎಡವುವ ಸಾಧ್ಯತೆ ಖಂಡಿತ ಇದೆ, ಮಿಶ್ರಸಂಕರ ಮಾಡಿಕೊಳ್ಳುವ ಡಾಫ್ನಿಯಾಗಳಲ್ಲಂತೂ ಇನ್ನೂ ಹೆಚ್ಚು. ಆದರೆ ಬ್ರಾಕಿಯೋನಸ್ ಪ್ಲಿಕಾಟಿಲಿಸ್ ಎಂಬ ರೋಟಿಫರನ್ನು, ಅಂದರೆ ಇನ್ನೊಂದು ಸೂಕ್ಷ್ಮ ಪ್ರಾಣಿಪ್ಲವಕವನ್ನು, ನೋಡಿ. ಉಪ್ಪುನೀರಿನಲ್ಲಿ ಬದುಕುವ ಇದು ಮೀನುಮರಿಗಳ ಮೊದಲ ತುತ್ತು. ಮರಿ ಸಾಕುವವರಿಗೆ ಇದರಲ್ಲಿ ದೊಡ್ಡದು, ಸಣ್ಣದು ಎಂಬ ಬಗೆಗಳಿರುವುದು ಬಹಳ ಹಿಂದೆಯೇ ಗೊತ್ತಿತ್ತು, ಏಕೆಂದರೆ ಮರಿಯ ಬಾಯಿಗೆ ಹಿಡಿಸುವುದು ಎಲ್ಲವೂ ಅಲ್ಲ. ಜೀನುಗಳ ಜೊತೆಗೆ ಗಾತ್ರವನ್ನೂ ಇತರ ಗುಣಗಳನ್ನೂ ಸೇರಿಸಿ ನೋಡಿದ 2017ರ ಅಧ್ಯಯನ ಆ ಒಂದೇ ಹೆಸರಿನಡಿ ಹದಿನೈದು ಜಾತಿಗಳಿವೆ ಎಂದು ತೋರಿಸಿತು. ಇದು ಹೆಸರುಗಳ ಚಟವಲ್ಲ, ಕೆಲಸಕ್ಕೆ ಬರುವ ಭೇದ.

ಈ ಕ್ಷೇತ್ರದ ಅತ್ಯಂತ ಬೆರಗಿನ ಅಧ್ಯಾಯ ಹೂಳಿನದು. ಸರೋವರದ ತಳದಲ್ಲಿ ಹೂಳು ವರ್ಷದ ಮೇಲೆ ವರ್ಷ ಪದರಗಟ್ಟುತ್ತದೆ. ಪ್ರತಿ ಪದರದಲ್ಲಿ ಆ ಕಾಲದ ಮೊಟ್ಟೆಗಳು. ಕೊಳವೆ ಇಳಿಸಿ ಹೂಳಿನ ಕಂಬ ಎತ್ತಿ, ಪದರಗಳ ಕಾಲ ನಿರ್ಣಯಿಸಿ, ಮೊಟ್ಟೆಗಳನ್ನು ಬೆಳಕು ನೀರಿನಲ್ಲಿಟ್ಟರೆ ದಶಕಗಳ ಹಿಂದಿನ ಜೀವ ಇಂದು ಈಜುತ್ತದೆ. ಯುರೋಪಿನ ಕಾನ್‌ಸ್ಟನ್ಸ್ ಸರೋವರಕ್ಕೆ ರಂಜಕ ಹರಿದು, ವಿಷಕಾರಿ ನೀಲಿಹಸಿರು ಪಾಚಿ ಹೆಚ್ಚಿದ್ದು 1970ರ ದಶಕದ ಆಚೀಚೆ. ನೆಲ್ಸನ್ ಹೇರ್‌ಸ್ಟನ್ ತಂಡ ಅದಕ್ಕೆ ಮೊದಲಿನ ಮತ್ತು ನಂತರದ ಮೊಟ್ಟೆಗಳಿಂದ ಡಾಫ್ನಿಯಾ ಬೆಳೆಸಿ, ಎರಡಕ್ಕೂ ಅದೇ ಪಾಚಿ ತಿನ್ನಿಸಿತು. ನಂತರದ ಕಾಲದವು ಅದನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವು. 1999ರಲ್ಲಿ ಪ್ರಕಟವಾದ ಈ ಕೆಲಸಕ್ಕೆ, ಇದು ಬರೀ ಒಗ್ಗಿಕೊಳ್ಳುವಿಕೆ ಎಂಬ ಆಕ್ಷೇಪ ತಾಗುವುದಿಲ್ಲ. ಎರಡೂ ಕಾಲದ ವಂಶಗಳು ಪ್ರಯೋಗಾಲಯದಲ್ಲಿ ಒಂದೇ ಪರಿಸ್ಥಿತಿಯಲ್ಲಿ ಬೆಳೆದಿದ್ದವು. ವಿಕಾಸ ಕೆಲವೇ ದಶಕಗಳಲ್ಲಿ ನಡೆದಿತ್ತು. ಬೆಲ್ಜಿಯಂನ ಔಡ್-ಹೆವರ್ಲೇ ಕೊಳದ ಹೂಳಿನಿಂದ ಡಾಫ್ನಿಯಾವನ್ನೂ ಅದರ ಪರೋಪಜೀವಿ ಬ್ಯಾಕ್ಟೀರಿಯಾವನ್ನೂ ಒಟ್ಟಿಗೆ ಎಬ್ಬಿಸಿದ 2007ರ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾ ತನ್ನದೇ ಕಾಲದ ಡಾಫ್ನಿಯಾವನ್ನು ಹೆಚ್ಚು ಸೋಂಕಿಸಿತು. ಹಿಂದಿನ, ಮುಂದಿನ ಪದರದವನ್ನು ಅಷ್ಟಾಗಿ ಅಲ್ಲ. ಅಮೆರಿಕದ ಮಿನ್ನೆಸೋಟಾದ ಸರೋವರವೊಂದರಲ್ಲಿ ಸುಮಾರು ಏಳುನೂರು ವರ್ಷ ಹಳೆಯ ಮೊಟ್ಟೆಗಳು ಒಡೆದಿವೆ.

ಡಾಫ್ನಿಯಾ ಪ್ಯುಲೆಕ್ಸ್‌ನ ಪೂರ್ಣ ಜೀನೋಮ್ 2011ರಲ್ಲಿ ಪ್ರಕಟವಾದಾಗ 30,000ಕ್ಕೂ ಹೆಚ್ಚು ಜೀನುಗಳ ಲೆಕ್ಕ ಸುದ್ದಿಯಾಯಿತು, ಮನುಷ್ಯನಿಗಿಂತ ಹೆಚ್ಚು ಎಂದು. 2017ರ ಇನ್ನೊಂದು ಜೋಡಣೆಯಲ್ಲಿ ಆ ಸಂಖ್ಯೆ ಸುಮಾರು 18,000ಕ್ಕೆ ಇಳಿಯಿತು. ನನ್ನ ಅಭಿಪ್ರಾಯದಲ್ಲಿ ಆ ಮೊತ್ತಕ್ಕಿಂತ ಹೂಳಿನ ಒಂದು ಕಂಬ ಕಲಿಸಿದ್ದು ಹೆಚ್ಚು.

ಹೊರಗೆ ಒಂದೇ ಎಂದು ಕಾಣುವಾಗ ಒಳಗೆ ವಂಶ ಬದಲಾದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಕೀನ್ಯಾದ ನೈವಾಶಾ ಸರೋವರದಲ್ಲಿ ಅಮೆರಿಕದಿಂದ ಬಂದ, ಲೈಂಗಿಕತೆಯಿಲ್ಲದ ಒಂದೇ ಒಂದು ತದ್ರೂಪಿ ಡಾಫ್ನಿಯಾ ವಂಶ, ಬಗೆಬಗೆಯ ಗುಣಗಳಿದ್ದ ಸ್ಥಳೀಯ ಸೋದರ ವಂಶವನ್ನು ಕೆಲವು ದಶಕಗಳಲ್ಲಿ ಅಳಿಸಿಹಾಕಿತು. ಪಟ್ಟಿಯಲ್ಲಿ ಹೆಸರು ಬದಲಾಗಲಿಲ್ಲ. ಕಳೆದುಹೋದದ್ದು ಮುಂದಿನ ರೋಗಕ್ಕೋ ಬರಕ್ಕೋ ಉತ್ತರವಾಗಬಹುದಾಗಿದ್ದ ವೈವಿಧ್ಯ. ಮೀನುಗಳಲ್ಲೂ ಇದೇ ಕಥೆ, ಅದೂ ನಮ್ಮ ಕಾವೇರಿಯಲ್ಲೇ. ಬೆನ್ನುಬ್ಬಿದ, ಕಿತ್ತಳೆ ಈಜುರೆಕ್ಕೆಯ ದೈತ್ಯ ಮಹಶೀರ್ ಟಾರ್ ರೆಮಾದೇವಿ ಎಂಬ ಜಾತಿ ಎಂದು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಸಂರಕ್ಷಣೆಯ ಹೆಸರಿನಲ್ಲೇ ಸಾಕಣೆಕೇಂದ್ರದ ನೀಲಿ ಈಜುರೆಕ್ಕೆಯ ಬೇರೆ ಮಹಶೀರನ್ನು ಹೊಳೆಗೆ ಬಿಟ್ಟು ದಶಕಗಳಾಗಿದ್ದವು. ಮೂಲ ಜಾತಿ ಈಗ ತೀವ್ರ ಅಪಾಯದಂಚಿನ ಪಟ್ಟಿಯಲ್ಲಿದೆ.

ಕರ್ನಾಟಕದ ಕೆರೆಗಳಲ್ಲಿ ಹೂಳೆತ್ತುವುದು ಬೇಕಾದ ಕೆಲಸ, ನೀರು ನಿಲ್ಲಬೇಕಾದರೆ ಬೇರೆ ದಾರಿಯಿಲ್ಲ. ಆದರೆ ಲಾರಿಗೆ ತುಂಬಿ ಹೊಲಕ್ಕೆ ಹೋಗುವ ಆ ಕಪ್ಪು ಮಣ್ಣು ಆ ಕೆರೆಯ ಜೀವಿಗಳ ಮೊಟ್ಟೆಗಳ ದಾಸ್ತಾನೂ ಹೌದು. ಹೂಳೆತ್ತುವ ಯೋಜನೆ ರೂಪಿಸುವವರು ಕೆರೆಯ ಒಂದು ಮೂಲೆಯ ಹೂಳನ್ನು ಕದಡದೆ ಬಿಡಲಿ, ಯಂತ್ರ ಇಳಿಸುವ ಮೊದಲು ಒಂದೆರಡು ಕೊಳವೆ ಹೂಳನ್ನು ಹತ್ತಿರದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಲುಪಿಸಲಿ. ಇದಕ್ಕೆ ತಗಲುವ ಖರ್ಚು ಹೂಳೆತ್ತುವ ಯಂತ್ರದ ಬಾಡಿಗೆಯ ಮುಂದೆ ಏನೇನೂ ಅಲ್ಲ.